ಮೊದಲ ಹಲ್ಲಿನ ಸವೆತ: ಕಿಕ್ಕರಿನ ರಚನೆಯ ಒಂದು ವಿಮರ್ಶೆ

ಯಂತ್ರವೊಂದರ ಗುಣದೋಷಗಳನ್ನು ವಿವೇಚಿಸುವಾಗ ಅದರ ವೇಗ, ಬಲ, ಅಂದಗಳನ್ನೇ ಮುಂದಿಟ್ಟುಕೊಳ್ಳುವುದು ವಾಡಿಕೆ. ಎಂಜಿನನ್ನು ಚಾಲನೆಗೆ ತರುವ ಕಿರಿಯ ಭಾಗಗಳ ಮಾತು ಬರುವುದು ಅವು ಕೆಟ್ಟಾಗ ಮಾತ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾಗಿ, ಮೊದಲು ಜಾವಾ ಎಂದೂ ಅನಂತರ ಯೆಜ್ದಿ ಎಂದೂ ಹೆಸರಾದ 250 ಸಿ.ಸಿ. ಮೋಟಾರು ಸೈಕಲುಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ.

ಚೆಕೊಸ್ಲೊವಾಕಿಯದಿಂದ ಬಂದ ಈ ವಿನ್ಯಾಸದಲ್ಲಿ ಗೇರಿನ ಲಿವರೇ ಕಿಕ್ಕರೂ ಹೌದು. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಒದೆಯುವ ಕೋಲಾಗುತ್ತದೆ. ಕೆಲಸ ತೀರಿದ ಮೇಲೆ ಮುಂದಕ್ಕೆ ಮಡಿಸಿದರೆ ಮತ್ತೆ ಗೇರಿನ ಲಿವರು. ಈ ಮಿತವ್ಯಯವನ್ನು ಮೆಚ್ಚದವರಿಲ್ಲ, ಮೆಚ್ಚತಕ್ಕದ್ದೇ ಸರಿ. ಆದರೆ ಹೊರಗಣ ಈ ಸರಳತೆಯ ಭಾರವನ್ನು ಒಳಗೆ ಹೊರುವುದು ಬೀಸಣಿಗೆಯಾಕಾರದ ಒಂದು ಹಲ್ಲಿನ ತುಂಡು, ಒಂದು ರ್ಯಾಚೆಟ್ ಚಕ್ರ, ಒಂದು ಸ್ಪ್ರಿಂಗು.

ಇಂಥ ರಚನೆಯಲ್ಲಿ ಬಿಡುವಿನ ವೇಳೆ ತುಂಡಿನ ಹಲ್ಲುಗಳು ಚಕ್ರದಿಂದ ದೂರವಿರುತ್ತವೆ. ಪ್ರತಿಯೊಂದು ಒದೆತದಲ್ಲಿಯೂ ಮೊದಲ ಹಲ್ಲು ತನ್ನ ಸಂದನ್ನು ಹುಡುಕಿಕೊಂಡು ಹೋಗಬೇಕು. ಸಂದು ಸಿಕ್ಕದಿದ್ದರೆ ತುದಿಗೆ ತುದಿ ತಾಗಿ, ಸವಾರನ ಭಾರವೆಲ್ಲ ಕ್ಷಣಕಾಲ ಒಂದು ಅಂಚಿನ ಮೇಲೆ ಬೀಳುತ್ತದೆ. ಉಳಿದ ಹಲ್ಲುಗಳು ಮೊದಲನೆಯದು ತೆರೆದ ದಾರಿಯಲ್ಲಿ ಸುಖವಾಗಿ ಸಾಗುತ್ತವೆ. ಆದಕಾರಣ ಸವೆತ ಎಲ್ಲ ಹಲ್ಲುಗಳಿಗೂ ಸಮನಾಗಿ ಹಂಚುವುದಿಲ್ಲ. ಮೊದಲನೆಯದು ಮೊಂಡಾದಾಗಲೂ ಕೊನೆಯವು ಹರಿತವಾಗಿಯೇ ಇರುತ್ತವೆ. ಕಾರು, ಟ್ರ್ಯಾಕ್ಟರುಗಳಲ್ಲಿಯೂ ಇದೇ ನ್ಯಾಯ. ನಾಲ್ಕು ಸಿಲಿಂಡರಿನ ಎಂಜಿನು ಪ್ರಾಯಶಃ ಎರಡೇ ನೆಲೆಗಳಲ್ಲಿ ನಿಲ್ಲುವುದರಿಂದ ಫ್ಲೈವೀಲಿನ ಹಲ್ಲುಬಳೆ ಎದುರುಬದುರಾದ ಎರಡು ಕಡೆ ಮಾತ್ರ ತಿನ್ನಲ್ಪಡುತ್ತದೆ. ಬಳೆಯನ್ನು ಕಳಚಿ ಕಾಲು ಸುತ್ತು ತಿರುಗಿಸಿ ಕೂರಿಸಿದರೆ ಅದಕ್ಕೆ ಇನ್ನೊಂದು ಆಯುಸ್ಸು.

ಇನ್ನಷ್ಟು ಗಟ್ಟಿಯಾದ ಉಕ್ಕೇ ಪರಿಹಾರವೆಂಬ ವಾದ ಅರ್ಧಸತ್ಯ. ಒಳಗೂ ಹೊರಗೂ ಒಂದೇ ಸಮನೆ ಗಡಸಾದ ಹಲ್ಲು ಸವೆಯುವ ಬದಲು ಮುರಿಯುತ್ತದೆ. ಮೇಲ್ಮೈ ಗಡಸಾಗಿ ತಿರುಳು ಜಿಗುಟಾಗಿರುವುದು ಮೇಲು; ಆದರೂ ರೋಗದ ಮೂಲ ಲೋಹದಲ್ಲಿಲ್ಲ, ಹಲ್ಲುಗಳು ಕೂಡುವ ರೀತಿಯಲ್ಲಿದೆ. ಮೊದಲ ಹಲ್ಲಿನ ಅಂಚನ್ನು ಓರೆಯಾಗಿ ಉಜ್ಜಿದರೆ ಅದು ಜಾರಿ ಸಂದಿಗೆ ಇಳಿಯುತ್ತದೆ. ಹಲ್ಲು ಕೂಡಿದ್ದು ಪಾದಕ್ಕೆ ತಿಳಿಯುವ ವರೆಗೆ ಮೆಲ್ಲಗೆ ಅದುಮಿ, ಆಮೇಲೆ ಭಾರ ಹಾಕಬೇಕು. ಕಿಡಿ ಅತಿ ಮುಂಚಿತವಾಗಿ ಹಾರುವ ಎಂಜಿನು ಕಿಕ್ಕರನ್ನು ಹಿಂದಕ್ಕೆ ಒದೆಯುತ್ತದೆ. ಆ ಪೆಟ್ಟು ತಿನ್ನುವುದೂ ಈ ಹಲ್ಲುಗಳನ್ನೇ. ಅಂದಮೇಲೆ ಒಂದು ಭಾಗದ ಸವೆತಕ್ಕೆ ಇನ್ನೊಂದು ಭಾಗದ ಹೊಂದಾಣಿಕೆ ಕಾರಣವಾಗಬಲ್ಲುದು.

ಹೀಗಿರಲಾಗಿ, ವಿನ್ಯಾಸದ ಬೆಲೆಯನ್ನು ಅದು ಹುಟ್ಟಿದ ಕಾರ್ಖಾನೆಯಲ್ಲಿ ನಿಂತು ಕಟ್ಟಿದರೆ ಸಾಲದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಂಥ ಊರಿನಲ್ಲಿ ನಿಂತೂ ಕಟ್ಟಬೇಕು. ತೆಂಗಿನ ತೋಟದಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೊರಟವನಿಗೆ ಬೆಳಗಿನ ಒದೆತ ಜಾರಿದರೆ ಆ ದಿನದ ವ್ಯವಹಾರವೇ ಜಾರಿದಂತೆ. ಅಲ್ಲಿಯ ಒಕ್ಕಲಿಗ ನೇಗಿಲಿನ ಗುಳ ಸವೆದರೆ ಕುಲುಮೆಗೆ ಒಯ್ದು ತಟ್ಟಿಸುತ್ತಾನೆ, ನೇಗಿಲನ್ನು ಎಸೆಯುವುದಿಲ್ಲ. ಸವೆಯಬೇಕಾದುದು ಯಾವುದು, ಉಳಿಯಬೇಕಾದುದು ಯಾವುದು ಎಂಬ ವಿವೇಕ ಅಲ್ಲಿ ಮೊದಲೇ ಉಂಟು. ಕಿಕ್ಕರಿನಲ್ಲಿ ಆ ವಿವೇಕ ಅಷ್ಟಾಗಿ ಕಾಣದು: ಎಲ್ಲಕ್ಕಿಂತ ಮೊದಲು ಸವೆಯುವ ಹಲ್ಲು ಎಂಜಿನಿನ ಮುಚ್ಚಳ ಬಿಚ್ಚದೆ ಕೈಗೆ ಸಿಕ್ಕದು. ಕಾರ್ಖಾನೆ ನಡೆಯುವ ವರೆಗೆ ಇದು ಸಣ್ಣ ಕೊರತೆ. ಕಾರ್ಖಾನೆ ಮುಚ್ಚಿದ ಮೇಲೆ ದೊಡ್ಡ ಕೊರತೆ.

ಸವೆತವನ್ನು ಪೂರ್ತಿಯಾಗಿ ತಡೆಯುವುದು ಅಸಾಧ್ಯ. ಅದು ಎಲ್ಲಿ ಆಗಬೇಕೆಂಬುದನ್ನು ನಿಶ್ಚಯಿಸುವುದು ಮಾತ್ರ ವಿನ್ಯಾಸಕಾರನ ಕೈಯಲ್ಲಿದೆ. ಸುಲಭವಾಗಿ ಬದಲಿಸಬಹುದಾದ ಭಾಗಕ್ಕೆ ಅದನ್ನು ಒಪ್ಪಿಸಿದ ರಚನೆಯೇ ಉತ್ತಮವಾದುದು.