ಚಂದ್ರಕಣಿವೆ: ಜ್ಯಾಕ್ ಲಂಡನ್ನನ ಕಾದಂಬರಿಯೂ ನೆಲವೂ

ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಕ್ಕೆ ಸುಮಾರು 50 ಮೈಲಿ ದೂರದಲ್ಲಿ, ಸೊನೋಮಾ ಬೆಟ್ಟದ ತಪ್ಪಲಿನಲ್ಲಿ, ಗ್ಲೆನ್ ಎಲನ್ ಎಂಬ ಸಣ್ಣ ಊರಿದೆ. ಊರಿನ ಮೇಲ್ಗಡೆಯ ಇಳಿಜಾರಿನಲ್ಲಿ ಹಬ್ಬಿರುವ ಒಂದು ಕ್ಷೇತ್ರವನ್ನು ಕ್ಯಾಲಿಫೋರ್ನಿಯಾ ಸಂಸ್ಥಾನವು ಐತಿಹಾಸಿಕ ಉದ್ಯಾನವೆಂದು ಕಾಪಾಡಿಕೊಂಡು ಬಂದಿದೆ. ‘ಕಾಲ್ ಆಫ್ ದಿ ವೈಲ್ಡ್’ (1903) ಕಾದಂಬರಿಯ ಕರ್ತೃ ಜ್ಯಾಕ್ ಲಂಡನ್ನನ (1876–1916) ಬ್ಯೂಟಿ ರಾಂಚ್ ಇದೇ. ‘ರಾಂಚ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಶಬ್ದವಿಲ್ಲ. ತೋಟವೆಂದರೆ ಕಿರಿದಾಯಿತು, ಜಮೀನ್ದಾರಿಯೆಂದರೆ ವಾಸನೆ ಬೇರೆಯಾಯಿತು. ಕೊಡಗಿನವರ ಕಾಫಿ ಎಸ್ಟೇಟು ಅದಕ್ಕೆ ತುಸು ಹತ್ತಿರದ ಮಾತು. ಹಿಮಭೂಮಿಯ ನಾಯಿ-ತೋಳಗಳ ಕಥೆಗಾರನೆಂದು ಲೋಕವೆಲ್ಲ ಬಲ್ಲ ಈ ಲೇಖಕನು, ಕಡಲಯಾನಕ್ಕೆ ಹೋದ ಕಾಲವನ್ನು ಬಿಟ್ಟರೆ, ತನ್ನ ಬಾಳಿನ ಕೊನೆಯ ಹನ್ನೊಂದು ವರ್ಷಗಳನ್ನು ಹೆಚ್ಚಾಗಿ ಕಳೆದುದು ಈ ಮಣ್ಣಿನೊಡನೆ.

ಈ ಮಣ್ಣಿನ ವಾಸನೆಯುಳ್ಳ ಮೂರು ಕಾದಂಬರಿಗಳನ್ನು ಆತ ಬರೆದ: ‘ಬರ್ನಿಂಗ್ ಡೇಲೈಟ್’ (1910), ‘ದಿ ವ್ಯಾಲಿ ಆಫ್ ದಿ ಮೂನ್’ (1913), ‘ದಿ ಲಿಟಲ್ ಲೇಡಿ ಆಫ್ ದಿ ಬಿಗ್ ಹೌಸ್’ (1916). ಇವನ್ನು ಇಂದು ಓದುವವರು ವಿರಳ. ಹಣಕ್ಕಾಗಿ ಅವಸರದಿಂದ ಬರೆದವು ಎಂಬುದು ವಿಮರ್ಶಕರ ಸಾಮಾನ್ಯ ಅಭಿಪ್ರಾಯ. ಒಟ್ಟಿನಲ್ಲಿ ಅದನ್ನು ಅಲ್ಲಗಳೆಯುವಂತೆಯೂ ಇಲ್ಲ. ಆದರೆ ಈ ಕಾದಂಬರಿಗಳನ್ನು ಬರೆದ ಕೈಯೇ ಈ ನೆಲವನ್ನೂ ತಿದ್ದಿತು. ಎರಡನ್ನೂ ಮಗ್ಗುಲುಮಗ್ಗುಲಿಗಿಟ್ಟು ಓದಿದಾಗ ಒಂದು ಸಂಗತಿ ಹೊರಬೀಳುತ್ತದೆ: ಕಾದಂಬರಿಯು ಒಪ್ಪದ ಋಣಗಳನ್ನು ನೆಲವು ಒಪ್ಪಿಕೊಂಡಿದೆ.

ಲಂಡನ್ನನು ಇಲ್ಲಿ ಮೊದಲು ಸುಮಾರು 130 ಎಕರೆಗಳನ್ನು ಕೊಂಡದ್ದು 1905ರಲ್ಲಿ. ಅದೇ ವರ್ಷ ಆತ ಓಕ್ಲಂಡ್ ನಗರದ ಮೇಯರ್ ಪದವಿಗೆ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ನಿಂತು ಸೋತಿದ್ದ. ಕಾರ್ಮಿಕನ ಪಕ್ಷ ವಹಿಸಿದ ನಾಲಗೆ ಮತ್ತು ಭೂಮಿಯ ಕ್ರಯಪತ್ರಕ್ಕೆ ಸಹಿ ಹಾಕಿದ ಕೈ ಒಂದೇ ಮೈಯಲ್ಲಿದ್ದವು. ಮುಂದೆ ನೆರೆಯ ಹಿಡುವಳಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗಿ 1913ರ ಹೊತ್ತಿಗೆ 1,400 ಎಕರೆಗಳಷ್ಟಾಯಿತು. ದಿನಕ್ಕೆ ಸಾವಿರ ಶಬ್ದ ಬರೆಯುವುದು ಆತನ ನೇಮ. ಆ ಶಬ್ದಗಳ ದುಡ್ಡು ಬೇಲಿಗೆ, ಕುದುರೆಗೆ, ಕೂಲಿಗೆ, ಬಡ್ಡಿಗೆ ಹೋಗುತ್ತಿತ್ತು. ತಾನು ಪುಸ್ತಕ ಬರೆಯುವುದು ಎಕರೆಗಳನ್ನು ಕೂಡಿಸುವುದಕ್ಕೆ ಎಂದು ಆತ ಸಂಕೋಚವಿಲ್ಲದೆ ಹೇಳಿಕೊಂಡವನು. ಇದನ್ನು ಕಲೆಯ ದ್ರೋಹವೆಂದು ಬಗೆದು ಮೂಗು ಮುರಿಯುವುದು ಸುಲಭ. ಮಣ್ಣಿನ ಮೇಲಿನ ಮೋಹ ಲೇಖಕನನ್ನು ಕೆಡಿಸಿತೆ ಎಂಬ ಪ್ರಶ್ನೆಗಿಂತ, ಆ ಮೋಹವನ್ನು ಕುರಿತು ಆತ ಬರೆದಾಗ ಏನನ್ನು ಬಿಟ್ಟು ಬರೆದ ಎಂಬುದು ಹೆಚ್ಚು ಫಲಕಾರಿಯಾದ ಪ್ರಶ್ನೆ.

‘ದಿ ವ್ಯಾಲಿ ಆಫ್ ದಿ ಮೂನ್’ ಈ ಮೂರರಲ್ಲಿ ಗಟ್ಟಿಯಾದ ಕೃತಿ. ಅದರ ಮೊದಲ ಭಾಗ ಲಂಡನ್ನನ ಉತ್ತಮ ಬರಹಕ್ಕೆ ಸಾಟಿಯಾದದ್ದು. ಓಕ್ಲಂಡಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಸ್ಯಾಕ್ಸನ್ ಎಂಬ ಹುಡುಗಿ, ಕುದುರೆಗಾಡಿ ಹೊಡೆಯುವ ಬಿಲ್ಲಿ. ಇಬ್ಬರ ಮದುವೆ, ಪುಟ್ಟ ಸಂಸಾರ. ಬಳಿಕ ಮುಷ್ಕರ, ಮನೆಯ ಮುಂದಿನ ಬೀದಿಯಲ್ಲೇ ರಕ್ತಪಾತ, ಕೂಸಿನ ನಷ್ಟ, ಗಂಡನ ಸೆರೆವಾಸ. ಇಸ್ತ್ರಿಯ ಬಿಸಿ, ಸಾಲದ ಲೆಕ್ಕ, ಅಡುಗೆಮನೆಯ ಹಸಿವು ಇವೆಲ್ಲ ಕಂಡವನ ಬರಹ. ಲಾಂಡ್ರಿಯಲ್ಲಿ ದುಡಿದ ಅನುಭವ ಲಂಡನ್ನನಿಗೇ ಇತ್ತು. ಇಷ್ಟು ಸತ್ಯವಾದ ನಗರವನ್ನು ಕಟ್ಟಿದ ಮೇಲೆ ಕಾದಂಬರಿ ಅಲ್ಲಿಂದ ಎದ್ದು ಹೊರಡುತ್ತದೆ. ಗಂಡಹೆಂಡಿರು ಗಂಟುಮೂಟೆ ಬೆನ್ನಿಗೆ ಕಟ್ಟಿ ನೆಲವನ್ನು ಹುಡುಕುತ್ತ ನಡೆಯುತ್ತಾರೆ. ಮುಷ್ಕರದಲ್ಲಿ ಸೋತವರ ಪಾಡೇನಾಯಿತೆಂದು ಕಾದಂಬರಿ ಮತ್ತೆ ಹಿಂದಿರುಗಿ ನೋಡುವುದಿಲ್ಲ. ಮುಂಬಯಿಯ ಚಾಳಿನಲ್ಲಿ ಕುಳಿತು ಊರಿನ ಅಡಕೆತೋಟವನ್ನು ನೆನೆಯುವ ಕನ್ನಡಿಗನಿಗೆ ಈ ನಡಿಗೆಯ ಆಕರ್ಷಣೆಯನ್ನು ವಿವರಿಸಬೇಕಾದುದಿಲ್ಲ. ಅದು ಎಷ್ಟು ಅನುಕೂಲವಾದ ಕನಸು ಎಂಬುದೂ ಅವನಿಗೆ ಗೊತ್ತು.

ನಡಿಗೆಯ ದಾರಿಯಲ್ಲಿ ಇವರಿಗೆ ಬೇಸಾಯ ಕಲಿಸುವವರು ಯಾರು? ಮೊದಲು ಸ್ಯಾನ್ ಲಿಯಾಂಡ್ರೊ ಸುತ್ತಿನ ಪೋರ್ಚುಗೀಸರು. ಗುತ್ತಿಗೆಗೆ ಹಿಡಿದ ನೆಲದಲ್ಲಿ ಒಂದಂಗುಲವನ್ನೂ ಬೀಳುಬಿಡದೆ ಬೆಳೆದು, ಕೊನೆಗೆ ಆ ನೆಲಕ್ಕೇ ಒಡೆಯರಾದವರು. ಮುಂದೆ ಪಹಾರೊ ಕಣಿವೆಯಲ್ಲಿ ಸೇಬು ಬೆಳೆಯುವ ಡಾಲ್ಮೇಷಿಯನರು. ಆಮೇಲೆ ಸ್ಯಾಕ್ರಮೆಂಟೊ ನದಿಯ ಸೀಮೆಯ ಚೀನೀಯರು. ಹಳೆಯ ಅಮೆರಿಕನ್ನರು ಮಣ್ಣನ್ನು ಹಿಂಡಿ ಹಾಳುಮಾಡಿ ಮುಂದೆ ಸಾಗಿದರು, ವಲಸೆ ಬಂದವರು ಅದನ್ನು ಉಳಿಸಿದರು ಎಂಬುದನ್ನು ಕಾದಂಬರಿ ಮತ್ತೆ ಮತ್ತೆ ತೋರಿಸುತ್ತದೆ. ತೋರಿಸಿಯೂ ಅದು ಪಡೆಯುವ ಭಾವ ಕೃತಜ್ಞತೆಯಲ್ಲ, ಅಸೂಯೆ. ಎತ್ತಿನ ಗಾಡಿಗಳಲ್ಲಿ ಬಯಲು ದಾಟಿ ಬಂದವರ ಮೊಮ್ಮಕ್ಕಳು ತಮ್ಮ ನಾಡಿನಲ್ಲೇ ಪರದೇಶಿಗಳಾದರಲ್ಲ ಎಂಬ ಕೊರಗು ಪುಟಪುಟದಲ್ಲಿದೆ. ನಾಯಿಕೆಗೆ ‘ಸ್ಯಾಕ್ಸನ್’ ಎಂಬ ಹೆಸರಿಟ್ಟುದು ಆಕಸ್ಮಿಕವಲ್ಲ. ಕಟ್ಟಕಡೆಗೆ ಸೊನೋಮಾದಲ್ಲಿ ಅವರ ಕೈಗೆ ನೆಲ ಸಿಕ್ಕಾಗ, ಅಲ್ಲಿ ತರಕಾರಿ ಬೆಳೆಯಲು ಇಬ್ಬರು ಚೀನೀಯರು ಬರುತ್ತಾರೆ, ಕೂಲಿಗಳಾಗಿ. ವಿದ್ಯೆ ಅವರದು, ಹಿಡುವಳಿ ಇವರದು. ಈ ವ್ಯವಸ್ಥೆಯಲ್ಲಿ ಏನೋ ಓರೆಯಿದೆಯೆಂಬ ಶಂಕೆ ಕಥೆಗಾರನಿಗೆ ಒಂದು ಸಾಲಿನಲ್ಲಾದರೂ ಬಂದಂತಿಲ್ಲ.

ಕಾದಂಬರಿ ಪ್ರಕಟವಾದ 1913ನೆಯ ಇಸವಿಯಲ್ಲೇ ಕ್ಯಾಲಿಫೋರ್ನಿಯಾದ ಶಾಸನಸಭೆ ಒಂದು ಭೂಕಾಯಿದೆಯನ್ನು ಮಾಡಿತು. ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಸಾಗುವಳಿಯ ನೆಲವನ್ನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಮೂರು ವರ್ಷಕ್ಕೆ ಮೀರಿ ಪಡೆಯುವಂತಿಲ್ಲ ಎಂಬುದು ಅದರ ತಾತ್ಪರ್ಯ. ಹೆಸರು ಹೇಳದಿದ್ದರೂ ಗುರಿ ಜಪಾನೀಯರೇ ಮೊದಲಾದ ಏಷ್ಯದವರು. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬುವರ ಮೊಕದ್ದಮೆಯಲ್ಲಿ ಭಾರತೀಯರೂ ಪೌರತ್ವಕ್ಕೆ ಅನರ್ಹರೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತ ಮೇಲೆ ಕ್ಯಾಲಿಫೋರ್ನಿಯಾದ ಪಂಜಾಬಿ ರೈತರೂ ಈ ಕಾಯಿದೆಯ ಕೆಳಗೆ ಬಂದರು. ಅದು ಅಸಿಂಧುವೆಂದು ಆ ಸಂಸ್ಥಾನದ ಉಚ್ಚತಮ ನ್ಯಾಯಾಲಯ ತೀರ್ಮಾನಿಸಿದ್ದು 1952ರಲ್ಲಿ. ಕಾದಂಬರಿಯೇ ಕಾಯಿದೆಗೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಎರಡೂ ಒಂದೇ ಗಾಳಿಯನ್ನು ಉಸಿರಾಡಿದವು. ಶಾಸನಸಭೆ ಕಲಮುಗಳಲ್ಲಿ ಹೇಳಿದ್ದನ್ನು ಕಾದಂಬರಿ ಜಿಂಕೆ, ತೊರೆ, ಬೆಳದಿಂಗಳುಗಳ ನಡುವೆ ಮಧುರವಾಗಿ ಹೇಳಿತು.

ಇನ್ನು ನೆಲದ ಕಡೆಗೆ ಬರಬಹುದು. ಉದ್ಯಾನದ ಇಳಿಜಾರುಗಳಲ್ಲಿ ಮೊದಲು ಗಮನಕ್ಕೆ ಬರುವುದು ಬೆಟ್ಟದ ಮೈಯನ್ನು ಹಂತಹಂತವಾಗಿ ಕಡಿದು ಮಾಡಿದ ಮಜಲುಗಳು. ಮಳೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ತಡೆಯುವ ಈ ಕ್ರಮ ಪಶ್ಚಿಮಘಟ್ಟದ ರೈತನಿಗೆ ಹೊಸದಲ್ಲ. ಅಂದಿನ ಕ್ಯಾಲಿಫೋರ್ನಿಯಾಕ್ಕೆ ಹೊಸದು. 1904ರಲ್ಲಿ ರಷ್ಯ-ಜಪಾನ್ ಯುದ್ಧದ ವರದಿಗಾರನಾಗಿ ಕೊರಿಯಕ್ಕೆ ಹೋಗಿದ್ದ ಲಂಡನ್ನನು ಇದನ್ನು ಅಲ್ಲಿ ಕಂಡು ಬಂದಿದ್ದ. ಹಸುರುಗೊಬ್ಬರಕ್ಕಾಗಿ ಕಾಳಿನ ಬೆಳೆಗಳನ್ನು ಬಿತ್ತಿ ಉತ್ತು ಮಣ್ಣಿಗೇ ಸೇರಿಸಿದ; ಸಗಣಿಯ ಸಾರ ಸೋರಿಹೋಗದಂತೆ ಕಲ್ಲು ಕಟ್ಟಿದ ತಿಪ್ಪೆಗುಂಡಿ ಮಾಡಿಸಿದ. ಸಹಸ್ರಾರು ವರ್ಷ ಒಂದೇ ನೆಲವನ್ನು ಉತ್ತರೂ ಅದನ್ನು ಬಡವಾಗಿಸದ ಚೀನದ ರೈತನನ್ನು ಆತ ಆದರ್ಶವೆಂದು ಮಾತಿನಲ್ಲಿಯೂ ಎತ್ತಿ ಹಿಡಿದದ್ದುಂಟು. ಸಮೀಪದ ಸಾಂತಾ ರೋಸಾದ ಸಸ್ಯತಜ್ಞ ಲೂಥರ್ ಬರ್ಬ್ಯಾಂಕನ ಮುಳ್ಳಿಲ್ಲದ ಪಾಪಾಸುಕಳ್ಳಿ ದನಗಳ ಮೇವಿಗೆಂದು ಬಂತು. ಹಸಿಮೇವು ತುಂಬಿಡಲು ಸಿಮೆಂಟು ಕಟ್ಟಡದ ಎರಡು ಎತ್ತರದ ಗೋಪುರಗಳೂ, ಹಂದಿಗಳಿಗೆ ವರ್ತುಲಾಕಾರದ ಕಲ್ಲಿನ ವಸತಿಯೂ ಎದ್ದವು. ಜನರು ‘ಹಂದಿಗಳ ಅರಮನೆ’ ಎಂದು ನಕ್ಕ ಈ ಕಟ್ಟಡದ ನಡುವೆ ಮೇವಿನ ಗೋಪುರವೊಂದಿದ್ದು, ಒಬ್ಬನೇ ಆಳು ಸುತ್ತಲ ಎಲ್ಲ ಗೂಡುಗಳನ್ನೂ ನೋಡಿಕೊಳ್ಳುವಂತಿತ್ತು. ಇದರಲ್ಲಿ ನಗುವಂಥದೇನೂ ಇಲ್ಲ.

ಇನ್ನೂ ಹಿಂದೆ ಹೋದರೆ, 1911ರಲ್ಲಿ ಲಂಡನ್ನನು ಕೊಂಡ ಹಳೆಯ ದ್ರಾಕ್ಷಾಮದ್ಯದ ಕಾರಖಾನೆಯ ಕಟ್ಟಡಗಳಿವೆ. ಅವುಗಳಲ್ಲಿ ಒಂದಾದ ಕಲ್ಲಿನ ಕೊಟ್ಟಿಗೆಯನ್ನು 1880ರ ದಶಕದಲ್ಲಿ ಕಟ್ಟಿದವರು ಚೀನೀ ಕೂಲಿಗಾರರು. ಲಂಡನ್ನನ ಕಾಲದ ಕಲ್ಲುಗೆಲಸದಲ್ಲಿ ಇಟಲಿಯವರ ಕೈಯಿದೆ. ಒಟ್ಟು ಆಡಳಿತವೆಲ್ಲ 1910ರಿಂದ ಆತನ ಮಲಸಹೋದರಿ ಎಲೈಜಾ ಶೆಪರ್ಡಳದು. ಒಡೆಯ ಊರೂರು ಸುತ್ತುವಾಗ ಬಿತ್ತನೆ, ಕೂಲಿಪಟ್ಟಿ, ಸಾಲಗಾರರು ಎಲ್ಲವನ್ನೂ ನಿಭಾಯಿಸಿದವಳು ಅವಳು. ಕಾದಂಬರಿಯಲ್ಲಿ ಶುದ್ಧವಂಶದ ಒಂದು ಜೋಡಿ ಗಳಿಸಿದ ಸ್ವರ್ಗವು ನೆಲದ ಮೇಲೆ ಕೊರಿಯದ ವಿದ್ಯೆ, ಚೀನದ ಕಲ್ಲು, ಇಟಲಿಯ ಗಾರೆ, ಒಬ್ಬ ಹೆಂಗಸಿನ ಲೆಕ್ಕಪುಸ್ತಕ ಇವುಗಳ ಕೂಟ.

ಕೊನೆಯ ಕಾದಂಬರಿಯಾದ ‘ಲಿಟಲ್ ಲೇಡಿ’ಯಲ್ಲಿ ಈ ಕುರುಡು ಇನ್ನಷ್ಟು ಗಾಢವಾಗಿದೆ. ಅಪಾರ ಭೂಮಿಯ ಒಡೆಯ ಡಿಕ್ ಫಾರೆಸ್ಟನ ಮನೆಯ ಚೀನೀ ಪರಿಚಾರಕರಿಗೆ ‘ಓ ಮೈ’, ‘ಓ ಜಾಯ್’ ಎಂಬಂಥ ಹೆಸರುಗಳು. ಮನುಷ್ಯರಿಗೆ ಇಟ್ಟವಲ್ಲ, ಉದ್ಗಾರಗಳನ್ನೇ ಅಂಟಿಸಿದ್ದು. ಲಂಡನ್ನನ ಮನೆಯಲ್ಲಿ ಹಲವು ವರ್ಷ ಸೇವೆಯಲ್ಲಿದ್ದ ಜಪಾನೀ ಯುವಕ ನಕಾಟಾ ಮುಂದೆ ದಂತವೈದ್ಯನಾದ. ವಾಸ್ತವವು ಕಲ್ಪನೆಗಿಂತ ಹಿರಿದಾಗಿತ್ತು. ಲೇಖಕನಿಗೆ ಆ ಶಕ್ತಿಯೇ ಇರಲಿಲ್ಲವೆನ್ನುವಂತೆಯೂ ಇಲ್ಲ. 1909ರ ‘ದಿ ಚಿನಾಗೊ’ ಎಂಬ ಸಣ್ಣಕಥೆಯಲ್ಲಿ, ತಾಹಿತಿಯ ತೋಟದಲ್ಲಿ ದುಡಿಯುವ ಆ ಚೋ ಎಂಬ ಚೀನೀ ಕೂಲಿ, ಕೂಡಿಟ್ಟ ಹಣದಿಂದ ಊರಿಗೆ ಹೋಗಿ ತನ್ನದೊಂದು ಪುಟ್ಟ ತೋಟ ಮಾಡಿಕೊಳ್ಳಬೇಕೆಂದು ಕನಸು ಕಾಣುತ್ತಾನೆ. ಹೆಸರಿನ ಅಕ್ಷರದೋಷದಿಂದ ಇನ್ನೊಬ್ಬನ ಬದಲು ವಧಸ್ಥಾನಕ್ಕೆ ಹೋಗುತ್ತಾನೆ. ಪರದೇಶದಲ್ಲಿ ದುಡಿಯುವವನಿಗೂ ತೋಟದ ಕನಸಿದೆ ಎಂಬುದನ್ನು ಇಷ್ಟು ನಿಷ್ಠುರ ಕರುಣೆಯಿಂದ ಬರೆದವನೇ ನಾಲ್ಕು ವರ್ಷಗಳ ಬಳಿಕ ಆ ಕನಸನ್ನು ಒಂದು ಜನಾಂಗದ ಪಿತ್ರಾರ್ಜಿತವೆಂಬಂತೆ ಬರೆದ. ನಡುವೆ ಬಂದದ್ದು ಒಡೆತನ. ಸಮುದ್ರದ ಮೇಲೆ ಅಲೆಯುವಾಗ ಕಂಡದ್ದು ಬೇಲಿಯ ಒಳಗೆ ನಿಂತಾಗ ಕಾಣಲಿಲ್ಲ.

ಸ್ಮಾರಕವನ್ನು ನೋಡಹೋಗುವವರ ಮನಸ್ಸನ್ನು ಸೆಳೆಯುವುದು ಇವೊಂದೂ ಅಲ್ಲ, ಸುಟ್ಟ ಮನೆ. ಆಲ್ಬರ್ಟ್ ಫಾರ್ ಎಂಬ ವಾಸ್ತುಶಿಲ್ಪಿ ರೂಪಿಸಿದ, ಜ್ವಾಲಾಮುಖಿಯ ಕಲ್ಲು ಮತ್ತು ರೆಡ್‌ವುಡ್ ದಿಮ್ಮಿಗಳಿಂದ ಎದ್ದ, 26 ಕೋಣೆಗಳ ವುಲ್ಫ್ ಹೌಸ್ 1913ರ ಆಗಸ್ಟ್ 22ರ ರಾತ್ರಿ, ಗೃಹಪ್ರವೇಶಕ್ಕೆ ಮೊದಲೇ, ಉರಿದುಹೋಯಿತು. ಮರಗಳ ನಡುವೆ ಇಂದಿಗೂ ನಿಂತಿರುವ ಅದರ ಗೋಡೆಗಳೂ ಹೊಗೆಗೂಡುಗಳೂ ಚೆಲುವಾಗಿವೆ ಎಂಬುದು ದಿಟ. ಕಿಚ್ಚಿಟ್ಟವರು ಯಾರೆಂದು ಬಹುಕಾಲ ಊಹಾಪೋಹ ನಡೆಯಿತು. 1995ರಲ್ಲಿ ಪರಿಶೀಲಿಸಿದ ತಜ್ಞರು, ಅಗಸೆ ಎಣ್ಣೆ ಹೀರಿದ ಬಟ್ಟೆಯ ಚಿಂದಿಗಳು ತಾವಾಗಿ ಕಾಯ್ದು ಹೊತ್ತಿಕೊಂಡಿರಬೇಕೆಂದು ಅಭಿಪ್ರಾಯಪಟ್ಟರು. ಆದರೂ ಆ ಅವಶೇಷವನ್ನು ಲೇಖಕನ ದುರಂತದ ಪ್ರತಿಮೆಯೆಂದು ವರ್ಣಿಸುವ ಚಾಳಿ ನಿಂತಿಲ್ಲ. ಚಿಂದಿಬಟ್ಟೆಯಲ್ಲಿ ವಿಧಿಯನ್ನು ಕಾಣುವುದು ವಿಮರ್ಶೆಯಲ್ಲ.

ಈ ಒಲವಿಗೆ ಸ್ಮಾರಕ ಬೆಳೆದ ಬಗೆಯೂ ಕಾರಣ. ಪತ್ನಿ ಚಾರ್ಮಿಯನ್ 1955ರಲ್ಲಿ ತೀರಿಕೊಂಡ ಮೇಲೆ, 1959ರ ಸುಮಾರಿಗೆ ಸರಕಾರಕ್ಕೆ ಮೊದಲು ಬಂದದ್ದು ನಲವತ್ತು ಎಕರೆಗಳಷ್ಟು ಭಾಗ: ಆಕೆ ಪತಿಯ ನಿಧನದ ಬಳಿಕ ಕಟ್ಟಿಸಿದ, ವಸ್ತುಸಂಗ್ರಹಾಲಯವಾಗಬೇಕೆಂದು ಬಯಸಿದ್ದ ಮನೆ, ಸಮಾಧಿ, ಸುಟ್ಟ ಗೋಡೆಗಳು. ಲಂಡನ್ನನು ಬರೆದು, ಮಲಗಿ, 1916ರ ನವೆಂಬರ್ 22ರಂದು ಪ್ರಾಣಬಿಟ್ಟ ಚಿಕ್ಕ ಮರದ ಮನೆಯೂ, ಕೊಟ್ಟಿಗೆ-ಗೋಪುರಗಳೂ ಸೇರಿದ್ದು 1970ರ ದಶಕದ ಕೊನೆಗೆ. ಪ್ರಣಯ ಮೊದಲು, ಮರಣ ಬಳಿಕ, ಬೇಸಾಯ ಕೊನೆಗೆ. ಹೀಗಾಗಿ ಬರಹಗಾರನ ಕಥೆಯೊಳಕ್ಕೆ ರೈತನ ಕಥೆ ತಡವಾಗಿ ಬಂದು ಹಿಂಬದಿಯಲ್ಲಿ ಕುಳಿತಿತು.

ಬೇಸಾಯದಲ್ಲಿ ಸೋಲುಗಳೂ ಇದ್ದವು. ಅವುಗಳಲ್ಲಿ ದೊಡ್ಡದು ನೀಲಗಿರಿ ಮರ. ಒಳ್ಳೆಯ ಮರಮುಟ್ಟು ಬೇಗ ಸಿಗುವುದೆಂಬ ಅಂದಿನ ಹುಚ್ಚಿಗೆ ಸಿಕ್ಕಿ ಲಂಡನ್ನನು 60 ಸಾವಿರಕ್ಕೂ ಮಿಕ್ಕಿ ಸಸಿಗಳನ್ನು ನೆಟ್ಟ. ಅವು ಬೆಳೆದವು, ಮರಮುಟ್ಟಾಗಲಿಲ್ಲ. ‘ಬರ್ನಿಂಗ್ ಡೇಲೈಟ್’ ಕಾದಂಬರಿಯ ಕೊನೆಯಲ್ಲಿ ಕೋಟ್ಯಧಿಪತಿ ನಾಯಕನು ತನ್ನ ಹೊಲದ ಕುಸಿದ ಮಣ್ಣಿನಲ್ಲಿ ಚಿನ್ನ ಕಂಡು, ಮತ್ತೆ ಆ ಆಸೆಗೆ ಬೀಳಬಾರದೆಂದು ಅದನ್ನು ಮುಚ್ಚಿ, ಮೇಲೆ ನೀಲಗಿರಿ ನೆಡಲು ಹೊರಡುತ್ತಾನೆ. ಕಥೆಯಲ್ಲಿ ಚಿನ್ನದ ವೈರಾಗ್ಯಕ್ಕೆ ಗುರುತಾದ ಮರವೇ ಹೊಲದಲ್ಲಿ ಚಿನ್ನದ ಆಸೆಗೆ ನೆಟ್ಟ ಮರ. ಕೋಲಾರದ ಕಡೆ ನೀಲಗಿರಿ ತೋಪುಗಳ ಜಗಳವನ್ನು ಬಲ್ಲವರಿಗೆ ಈ ಅಧ್ಯಾಯ ವಿಶೇಷವಾಗಿ ಸ್ವಾರಸ್ಯವೆನಿಸೀತು.

2011ರಲ್ಲಿ ಹಣದ ಅಡಚಣೆಯಿಂದ ಮುಚ್ಚಬೇಕಾದ ಸರಕಾರೀ ಉದ್ಯಾನಗಳ ಪಟ್ಟಿಯಲ್ಲಿ ಇದೂ ಸೇರಿತ್ತು. 2012ರಲ್ಲಿ ಸ್ಥಳೀಯರ ಸೇವಾಸಂಸ್ಥೆಯೊಂದು ಆಡಳಿತವನ್ನು ವಹಿಸಿಕೊಂಡು ಬಾಗಿಲು ತೆರೆದಿರಿಸಿತು. ಲಂಡನ್ನನ ಚಿತಾಭಸ್ಮವಿರುವ ದಿಬ್ಬದ ಮೇಲೆ ಸುಟ್ಟ ಮನೆಯ ಕಟ್ಟಡಕ್ಕೆಂದು ತಂದಿದ್ದ ಒಂದು ದೊಡ್ಡ ಬಂಡೆಯನ್ನು ಇಟ್ಟಿದ್ದಾರೆ. ಪಕ್ಕದಲ್ಲಿ, ಆತ ಬರುವ ಮೊದಲೇ ಅಲ್ಲಿ ಮಣ್ಣಾದ ವಲಸಿಗರ ಇಬ್ಬರು ಮಕ್ಕಳ ಸಮಾಧಿಗಳಿವೆ. ಅವುಗಳ ಬಳಿಯಲ್ಲೇ ತನ್ನನ್ನಿಡಬೇಕೆಂದು ಆತನೇ ಬಯಸಿದ್ದ.