ಮನೆಯಂಗಳದ ಲ್ಯಾಂಬ್ರೆಟಾ

ಇಟಲಿಯ ಮಿಲಾನ್ ನಗರದ ಇನೊಚೆಂಟಿ ಕಾರ್ಖಾನೆಯು 1947ರಲ್ಲಿ ಲೋಕಕ್ಕೆ ನೀಡಿದ ಲ್ಯಾಂಬ್ರೆಟಾ ಸ್ಕೂಟರು, ಮುಂಬಯಿಯಲ್ಲಿ ಜೋಡಣೆಗೊಂಡು ನಮ್ಮ ರಸ್ತೆಗಳಿಗಿಳಿದು, 1972ರಲ್ಲಿ ತನ್ನ ಯಂತ್ರಸಾಮಗ್ರಿಯೆಲ್ಲವೂ ಲಕ್ನೋದ ಸರ್ಕಾರಿ ಉದ್ಯಮದ ಪಾಲಾಗಲು, ವಿಜಯ್ ಸೂಪರ್ ಎಂಬ ನಾಮಾಂತರದಿಂದ ಇಲ್ಲಿಯದೇ ಆಗಿಹೋದುದು ವಾಹನಗಳ ಇತಿಹಾಸದಲ್ಲಿ ಅಪೂರ್ವವಾದ ಸಂಗತಿ. ಅಂಥದೊಂದು ಸ್ಕೂಟರನ್ನು ಕುಸನೂರಿನಂಥ ಸಣ್ಣ ಊರಿನಲ್ಲಿ ಶಹಾಬಾದಿ ಫರಶಿಯ ಮೇಲೆ ಬಿಚ್ಚಿ ಹರವಿ, ಮತ್ತೆ ಸಜೀವಗೊಳಿಸುವ ಕಾರ್ಯವು, ನೋಡುವವರಿಗೆ ಕಾಲಹರಣವೆಂದು ತೋರಿದರೂ, ಮಾಡುವವನಿಗೆ ಒಂದು ವಿದ್ಯಾಭ್ಯಾಸವೇ ಸರಿ.

ಪಕ್ಕದ ತಗಡುಗಳನ್ನು ಕಳಚಿದೊಡನೆ ಉಕ್ಕಿನ ಕೊಳವೆಯ ಚೌಕಟ್ಟೂ, ಅಡ್ಡಲಾಗಿ ಮಲಗಿದ ಒಂಟಿ ಸಿಲಿಂಡರೂ ಗೋಚರವಾಗುತ್ತವೆ. ಎರಡು ಸ್ಟ್ರೋಕಿನ ಈ ಎಂಜಿನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವುದರಿಂದ ಪಿಸ್ಟನ್ನಿನ ನೆತ್ತಿಯ ಮೇಲೆ ಮಸಿ ಹೆಪ್ಪುಗಟ್ಟುವುದು. ಅದನ್ನು ಅಲ್ಯೂಮಿನಿಯಮ್ಮಿಗೆ ಗೀರು ಬೀಳದಂತೆ ಮರದ ಚಕ್ಕೆಯಿಂದ ಕೆರೆಯಬೇಕು. ಕಾರ್ಬೊರೇಟರಿನ ಜೆಟ್ಟಿಗೆ ತಂತಿ ತೂರಿಸಿದರೆ ಸೂಕ್ಷ್ಮ ರಂಧ್ರವು ಅಗಲವಾಗಿ ಇಂಧನದ ಪ್ರಮಾಣವೇ ತಪ್ಪುವುದಾದ್ದರಿಂದ, ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದುವುದೇ ಕ್ಷೇಮ. ಹೆಡ್ಡಿನ ನಟ್ಟುಗಳನ್ನೂ ಒಮ್ಮೆಲೇ ಬಿಗಿಯಲಾಗದು. ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ತಿರುಗಿಸುವ ಸಹನೆ ಕೈಗೆ ಬರಬೇಕು.

ಹೊಸ ಬಣ್ಣ ಬಳಿದು ಮೆರೆಯಿಸುವುದು ಸುಲಭ. ದೊರೆಯದ ಬಿಡಿಭಾಗವನ್ನು ಲೇತಿನಲ್ಲಿ ಕಡೆಯಿಸಿ, ಗುಜರಿಗೆ ಸಲ್ಲಬೇಕಾದ ಯಂತ್ರವನ್ನು ರಸ್ತೆಗೆ ಸಲ್ಲುವಂತೆ ಮಾಡುವ ಶ್ರದ್ಧೆಯೇ ಈ ಕಲೆಯ ನಿಜವಾದ ಹಿರಿಮೆ.