ರೇಡಿಯೇಟರ್ ಬಡಿದುಕೊಳ್ಳುವ ಹೊತ್ತು

ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ 'ಹೀಟ್ ಸೀಸನ್'. ಹಗಲಲ್ಲಿ ಹೊರಗಿನ ಉಷ್ಣಾಂಶ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಇಳಿದರೆ ಬಾಡಿಗೆ ಮನೆಯೊಳಗೆ ಕನಿಷ್ಠ 68 ಡಿಗ್ರಿ ಇರಲೇಬೇಕು ಎನ್ನುತ್ತದೆ ನಿಯಮ. ಮನೆ ಬೆಚ್ಚಗಾಗುವಾಗ ಎಷ್ಟು ಗಲಾಟೆಯಾಗಬಹುದು ಎಂಬ ಮಾತು ಅದರಲ್ಲಿಲ್ಲ. ಬೆಂಗಳೂರಿನಿಂದ ಹೋಗಿ ಬ್ರೂಕ್ಲಿನ್‌ನ ನೂರು ವರ್ಷದ ಕಟ್ಟಡದಲ್ಲಿ ಬಾಡಿಗೆಗಿಳಿದವರಿಗೆ ಅದು ಮೊದಲ ಚಳಿಗಾಲದಲ್ಲೇ ತಿಳಿಯುತ್ತದೆ.

ಆ ಕಾಲದ ಬಹಳಷ್ಟು ಮನೆಗಳಲ್ಲಿರುವುದು ಒಂದೇ ಕೊಳವೆಯ ಉಗಿ ವ್ಯವಸ್ಥೆ. ನೆಲಮಾಳಿಗೆಯ ಬಾಯ್ಲರ್‌ನಲ್ಲಿ ನೀರು ಕುದಿದು ಉಗಿ ಮೇಲೇರುತ್ತದೆ, ಬೀಡುಕಬ್ಬಿಣದ ರೇಡಿಯೇಟರ್‌ನಲ್ಲಿ ಶಾಖ ಬಿಟ್ಟುಕೊಟ್ಟು ನೀರಾಗುತ್ತದೆ. ಆ ನೀರು ಇಳಿಯುವುದೂ ಉಗಿ ಬಂದ ಕೊಳವೆಯಲ್ಲೇ. ಪಂಪು ಇಲ್ಲ, ಇಳಿಜಾರೇ ಗತಿ. ಇಳಿಜಾರು ತಪ್ಪಿದ ಕಡೆ ನೀರು ನಿಲ್ಲುತ್ತದೆ. ನಿಂತ ನೀರಿಗೆ ರಭಸದ ಉಗಿ ತಾಗಿದರೆ ಎರಡು ಅನಾಹುತ: ಉಗಿ ನೀರನ್ನು ತಳ್ಳಿಕೊಂಡು ಹೋಗಿ ಕೊಳವೆಯ ತಿರುವಿಗೆ ಅಪ್ಪಳಿಸುತ್ತದೆ; ತಣ್ಣೀರಿನ ನಡುವೆ ಸಿಕ್ಕಿಬಿದ್ದ ಉಗಿ ಒಮ್ಮೆಲೇ ನೀರಾಗಿ ಕುಗ್ಗಿದಾಗ, ಸುತ್ತಲಿನ ನೀರು ಆ ಖಾಲಿ ಜಾಗಕ್ಕೆ ನುಗ್ಗುತ್ತದೆ. ನೀರು ಉಗಿಯಾದಾಗ ಸುಮಾರು 1,700 ಪಟ್ಟು ಹಿಗ್ಗಿರುತ್ತದೆ, ಕುಗ್ಗುವುದೂ ಅಷ್ಟೇ. ಪ್ಲಂಬರ್‌ಗಳು 'ವಾಟರ್ ಹ್ಯಾಮರ್' ಎನ್ನುವುದು ಇದನ್ನೇ.

ಸದ್ದು ಎಲ್ಲಿಂದ ಬರುತ್ತಿದೆ ಎಂಬುದರಷ್ಟೇ ಮುಖ್ಯ, ಯಾವಾಗ ಬರುತ್ತಿದೆ ಎಂಬುದು.

ಬಾಯ್ಲರ್ ಹೊತ್ತಿಕೊಂಡು ಉಗಿ ಹೊರಟ ಕೂಡಲೇ ನೆಲಮಾಳಿಗೆಯಲ್ಲಿ ಢಂ ಢಂ ಎಂದರೆ ಅಡ್ಡ ಕೊಳವೆಯನ್ನು ನೋಡಬೇಕು. ಹಿಡಿಕೆ ಸಡಿಲವಾಗಿ ಅದು ಜೋತಾಡಿರಬಹುದು. ಹಳೆಯ ಆಸ್ಬೆಸ್ಟಾಸ್ ಹೊದಿಕೆಯನ್ನು ಕಿತ್ತು, ಕೊಳವೆಯನ್ನು ಬರಿಮೈಯಲ್ಲಿ ಬಿಟ್ಟಿದ್ದರೆ ಉಗಿ ದಾರಿಯಲ್ಲೇ ತಣಿದು ನೀರು ಇನ್ನಷ್ಟು ಸೇರುತ್ತದೆ. ಹಿಡಿಕೆ ಬಿಗಿದು ಇಳಿಜಾರು ಸರಿಪಡಿಸಿ, ಫೈಬರ್‌ಗ್ಲಾಸ್ ಹೊದಿಸುವುದು ಇದಕ್ಕೆ ಮದ್ದು.

ಸದ್ದು ಕೋಣೆಯಲ್ಲೇ ಬಂದರೆ ರೇಡಿಯೇಟರ್ ಮೇಲೆ ರಸಮಟ್ಟ ಇಡಬೇಕು. ಅದು ವಾಲ್ವ್ ಕಡೆಗೆ ಕೊಂಚ ವಾಲಿರಬೇಕು. ದಶಕಗಳ ಭಾರಕ್ಕೆ ಮರದ ನೆಲ ತಗ್ಗಿ, ಎಷ್ಟೋ ರೇಡಿಯೇಟರ್‌ಗಳು ಉಲ್ಟಾ ವಾಲಿರುತ್ತವೆ. ಆಚೆ ತುದಿಯ ಕಾಲುಗಳ ಕೆಳಗೆ ತೆಳ್ಳನೆಯ ಮರದ ಚಕ್ಕೆ ಕೊಟ್ಟರೆ ಎಷ್ಟೋ ಸಲ ಅಲ್ಲಿಗೆ ಮುಗಿಯಿತು. ಶಾಖ ಜಾಸ್ತಿಯಾಯಿತೆಂದು ವಾಲ್ವನ್ನು ಅರ್ಧ ತಿರುಗಿಸುವುದು ಇನ್ನೊಂದು ಎಡವಟ್ಟು. ಒಂದೇ ಕೊಳವೆಯ ವ್ಯವಸ್ಥೆಯಲ್ಲಿ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಯಲ್ಲಿ ಮೇಲೇರುವ ಉಗಿ, ಇಳಿಯುವ ನೀರನ್ನು ತಡೆದು ನಿಲ್ಲಿಸುತ್ತದೆ.

ಬುಸುಗುಟ್ಟುವುದು ಬೇರೆಯದೇ ಕಥೆ. ವಾಲ್ವ್‌ನ ಎದುರು ಬದಿಯಲ್ಲಿರುವ ಪುಟ್ಟ ಏರ್ ವೆಂಟ್ ಗಾಳಿಯನ್ನು ಹೊರಗೆ ಬಿಟ್ಟು, ಉಗಿ ತಲುಪಿದೊಡನೆ ಮುಚ್ಚಿಕೊಳ್ಳಬೇಕು. ಮುಚ್ಚದೆ ಉಗಿ ಕಾರಿದರೆ ಅದನ್ನು ಬದಲಿಸಬೇಕು, ಅದೂ ಬಾಯ್ಲರ್ ಆರಿಸಿ ರೇಡಿಯೇಟರ್ ತಣ್ಣಗಾದ ಮೇಲೆ. ಮನೆಯ ವೆಂಟುಗಳೆಲ್ಲ ಒಟ್ಟಿಗೆ ಬುಸುಗುಟ್ಟಿದರೆ ದೋಷ ಕೆಳಗಿದೆ: ಮುಖ್ಯ ಕೊಳವೆಯ ತುದಿಯ ದೊಡ್ಡ ವೆಂಟ್ ಕಟ್ಟಿಕೊಂಡು, ಅಷ್ಟೂ ಗಾಳಿ ಕೋಣೆಗಳ ಮೂಲಕವೇ ಹೊರಬರುತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ಬಾಯ್ಲರ್‌ನ ಉಗಿಯ ಒತ್ತಡ ಏರಿಸುವವರಿದ್ದಾರೆ. ಅದರಿಂದ ಗಲಾಟೆಯೂ ಇಂಧನದ ಬಿಲ್ಲೂ ಏರುತ್ತವೆ. ಅಡುಗೆಮನೆಯ ಕುಕ್ಕರ್ ಸುಮಾರು 15 ಪಿಎಸ್‌ಐ ಒತ್ತಡದಲ್ಲಿ ಸೀಟಿ ಹಾಕಿದರೆ, ಇಡೀ ಮನೆ ಬೆಚ್ಚಗಿಡಲು 2 ಪಿಎಸ್‌ಐ ಧಾರಾಳವಾಯಿತು. ಡ್ಯಾನ್ ಹೋಲೊಹನ್ ತಮ್ಮ 'ದಿ ಲಾಸ್ಟ್ ಆರ್ಟ್ ಆಫ್ ಸ್ಟೀಮ್ ಹೀಟಿಂಗ್' ಪುಸ್ತಕದಿಂದ ಹೊಸ ತಲೆಮಾರಿನ ಪ್ಲಂಬರ್‌ಗಳಿಗೆ ಮತ್ತೆ ಹೇಳಿಕೊಟ್ಟ ಪಾಠಗಳಲ್ಲಿ ಇದೂ ಒಂದು.

ಬಾಯ್ಲರ್ ಹೊಸದು ಹಾಕಿಸಿದ ಮೇಲೆ ಸದ್ದು ಶುರುವಾಗಿದ್ದರೆ ಹೊಸ ಜೋಡಣೆಯನ್ನೇ ಅನುಮಾನಿಸಬೇಕು. 1919ರಲ್ಲಿ ಹಾರ್ಟ್‌ಫರ್ಡ್ ಎಂಬ ಬಾಯ್ಲರ್ ವಿಮಾ ಕಂಪನಿ ಬಳಕೆಗೆ ತಂದ 'ಹಾರ್ಟ್‌ಫರ್ಡ್ ಲೂಪ್' ಎಂಬ ಕೊಳವೆ ಜೋಡಣೆ, ಕೆಳಗಿನ ಕೊಳವೆ ಸೋರಿದರೂ ಬಾಯ್ಲರ್ ಪೂರ್ತಿ ಬರಿದಾಗದಂತೆ ಕಾಯುತ್ತದೆ. ಅಲ್ಲಿ ಗಿಡ್ಡ ನಿಪ್ಪಲ್ (ಕೊಳವೆಗಳನ್ನು ಜೋಡಿಸುವ ತುಂಡು) ಬದಲು ಉದ್ದದ್ದು ಹಾಕಿದರೆ, ನೀರಿನ ಮಟ್ಟ ಸ್ವಲ್ಪ ಇಳಿದರೂ ಸಾಕು, ಲೂಪೇ ಬಡಿಯತೊಡಗುತ್ತದೆ. ಬಾಯ್ಲರ್‌ನ ಗಾಜಿನ ಕೊಳವೆಯಲ್ಲಿ ನೀರು ಜೋರಾಗಿ ಕುಣಿಯುತ್ತಿದ್ದರೆ ಅದು ಹೊಸ ಕೊಳವೆ ಕೊರೆದಾಗಿನ ಎಣ್ಣೆಯ ಕೆಲಸವಿರಬಹುದು: ನೀರು ನೊರೆಯೆದ್ದು ಉಗಿಯ ಜೊತೆ ಮೇಲಕ್ಕೆ ಹಾರುತ್ತದೆ. ನೀರಿನ ಮಟ್ಟದಲ್ಲಿರುವ ತೂತಿನಿಂದ ಸಣ್ಣ ಧಾರೆಯಾಗಿ, ತಾಸುಗಟ್ಟಲೆ ಹರಿಸಿ ಎಣ್ಣೆ ತೆಗೆಯಬೇಕು.

ಬಾಡಿಗೆದಾರರು ವಾಲ್ವ್ ಪೂರ್ತಿ ತೆರೆದಿದೆಯೇ, ರೇಡಿಯೇಟರ್ ಎತ್ತ ವಾಲಿದೆ ಎಂದು ನೋಡಿಕೊಂಡು, ಸದ್ದು ಬಾಯ್ಲರ್ ಹೊತ್ತಿದ ಎಷ್ಟು ನಿಮಿಷಕ್ಕೆ ಶುರುವಾಯಿತೆಂದು ಬರೆದಿಟ್ಟರೆ ಸಾಕು. ಕೊಳವೆ ಕಾದು ಹಿಗ್ಗುವಾಗ ಮರಕ್ಕೆ ಉಜ್ಜಿ ಟಿಕ್ ಟಿಕ್ ಎನ್ನುವುದಕ್ಕೆ ಯಾರನ್ನೂ ಕರೆಯಬೇಕಿಲ್ಲ. ಬಾಯ್ಲರ್ ಸುತ್ತಲಿನ ಕೆಲಸಕ್ಕೆ ಮಾತ್ರ ಉಗಿಯ ಮರ್ಮ ಬಲ್ಲ ಪ್ಲಂಬರ್ ಬೇಕು. ಅಂಥವರನ್ನು ಜನವರಿಯ ಚಳಿಯಲ್ಲಿ ಹುಡುಕುವುದಕ್ಕಿಂತ ಸೆಪ್ಟೆಂಬರ್‌ನಲ್ಲಿ ಕರೆಸಿ, ಬಾಯ್ಲರ್ ಒಮ್ಮೆ ಹೊತ್ತಿಸಿ ಕೇಳಿಸುವುದು ಸುಲಭ.